ಚಾಕಲೇಟ್ ಕೊಟ್ಟು ಮಾತು ಕೇಳಿಸೋದು: ಬಹುಮಾನವೋ, ಲಂಚವೋ?

ಮೈಸೂರಿನ ಅಮ್ಮ

ನಮ್ಮ ಮನೆಯಲ್ಲಿ ಒಂದು ವಿಷಯಕ್ಕೆ ದಿನಾ ವಾದ ಆಗುತ್ತಿದೆ. ಮಗನಿಗೆ ಐದು ವರ್ಷ. ಸಂಜೆ ಆಟ ಮುಗಿದ ಮೇಲೆ ಆಟದ ಸಾಮಾನನ್ನೆಲ್ಲ ಬುಟ್ಟಿಗೆ ಹಾಕಿದರೆ ಅವನಿಗೆ ಒಂದು ಸ್ಟಿಕ್ಕರ್. ಐದು ಸ್ಟಿಕ್ಕರ್ ಆದರೆ ಭಾನುವಾರ ಕಾರಂಜಿ ಕೆರೆಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಅತ್ತೆಯವರಿಗೆ ಇದು ಸ್ವಲ್ಪವೂ ಇಷ್ಟವಿಲ್ಲ. "ಈಗಿಂದಲೇ ಮಗೂಗೆ ಲಂಚ ಕಲಿಸ್ತಿದ್ದೀಯ. ನಾಳೆ ಒಂದು ಲೋಟ ನೀರು ತಂದುಕೊಡು ಅಂದ್ರೂ ಏನು ಕೊಡ್ತೀಯಾ ಅಂತ ಕೇಳ್ತಾನೆ" ಎನ್ನುತ್ತಾರೆ.

ಆದರೆ ಅವನು ಊಟ ಬೇಡ ಅಂತ ಹಟ ಹಿಡಿದಾಗ ಅವರೇ ಮೊಬೈಲ್ ಕೈಗೆ ಕೊಟ್ಟು ತುತ್ತು ಇಡುತ್ತಾರೆ. ನನ್ನ ಲೆಕ್ಕದಲ್ಲಿ ಲಂಚ ಅಂದರೆ ಅದು. ಯಾಕೆ ಅಂತ ಬಿಡಿಸಿ ಹೇಳೋಕೆ ಮಾತ್ರ ಬರುತ್ತಿಲ್ಲ. ಎರಡರಲ್ಲೂ ಮಗುವಿಗೆ ಏನೋ ಸಿಗುತ್ತದೆ, ಎರಡರಲ್ಲೂ ನಮ್ಮ ಕೆಲಸ ಆಗುತ್ತದೆ. ವ್ಯತ್ಯಾಸ ಎಲ್ಲಿದೆ? ಮಕ್ಕಳನ್ನು ಬೆಳೆಸಿದವರು, ಓದಿಕೊಂಡವರು ಹೇಳಿ. ಅತ್ತೆಯವರಿಗೆ ಓದಿ ಹೇಳುತ್ತೇನೆ, ಹಾಗಾಗಿ ಸರಳವಾಗಿ ಬರೆಯಿರಿ.

ಹಾಸನದ ಅಪ್ಪ

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ ಮೇಡಂ. ಆಟದ ಸಾಮಾನು ಅವನದೇ. ಅದನ್ನು ಎತ್ತಿಡೋದಕ್ಕೆ ಕೂಲಿ ಯಾಕೆ? ಒಂದು ಸಲ ಬೆಲೆ ಕಟ್ಟಿದ ಕೆಲಸವನ್ನು ಮತ್ತೆ ಪ್ರೀತಿಯಿಂದ ಮಾಡಿಸೋದು ಕಷ್ಟ.

ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆದ ಪ್ರಯೋಗ ನೋಡಿ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಕೆಲವು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಿದ್ದರು. 10 ಶಿಶುವಿಹಾರಗಳನ್ನು ಆರಿಸಿ, ಅದರಲ್ಲಿ ಆರು ಕಡೆ ದಂಡ ಶುರು ಮಾಡಿದರು. ಹತ್ತು ನಿಮಿಷಕ್ಕಿಂತ ಜಾಸ್ತಿ ತಡವಾದರೆ 10 ಶೆಕೆಲ್ (ಅಲ್ಲಿಯ ಹಣ). ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಮ್ಮಿ ಎರಡರಷ್ಟಾದರು. ಮೊದಲು 'ಪಾಪ, ಟೀಚರ್ ಕಾಯುತ್ತಿರುತ್ತಾರೆ' ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ 'ದುಡ್ಡು ಕೊಡ್ತೀವಲ್ಲ' ಅಂತಾಯಿತು. ಆಮೇಲೆ ದಂಡ ತೆಗೆದರೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿ ದಂಡ, ಇಲ್ಲಿ ಸ್ಟಿಕ್ಕರ್, ಒಪ್ಪುತ್ತೇನೆ. ಆದರೆ ಮನೆಯೊಳಗಿನ ಸಂಬಂಧ ಹೀಗೆ ವ್ಯಾಪಾರ ಆಗಿಬಿಡಬಾರದು ಅನ್ನೋದೇ ನನ್ನ ಕಾಳಜಿ.

ಮನೋವಿಜ್ಞಾನ ವಿದ್ಯಾರ್ಥಿನಿ, ಧಾರವಾಡ

ಮೇಡಂ, ನೀವು ಕೇಳಿದ ವ್ಯತ್ಯಾಸ ಕೊಡುವ ವಸ್ತುವಿನಲ್ಲಿ ಸಿಗುವುದಿಲ್ಲ. ಅದೇ ಚಾಕಲೇಟ್ ಬಹುಮಾನವೂ ಆಗಬಹುದು, ಲಂಚವೂ ಆಗಬಹುದು. ಮಾತು ಯಾವಾಗ ಆಯಿತು, ಷರತ್ತು ಹಾಕಿದವರು ಯಾರು ಅಂತ ನೋಡಿ.

ಇತ್ತೀಚೆಗೆ ಇಲ್ಲೊಂದು ಅಂಗಡಿಯಲ್ಲಿ ಬಿಲ್ ಕೊಡುವ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಪ್ಪ, ಜೊತೆಗೆ ನಾಲ್ಕು ವರ್ಷದ ಹುಡುಗಿ. ಕೌಂಟರ್ ಪಕ್ಕದಲ್ಲೇ ಮಗುವಿನ ಕಣ್ಣಿನ ಎತ್ತರಕ್ಕೆ ಕಿಂಡರ್ ಜಾಯ್ ಜೋಡಿಸಿಟ್ಟಿದ್ದರು. ಬೇಕು ಅಂದಳು. ಬೇಡ ಅಂದರು. ಅಂಗಿ ಹಿಡಿದು ಜಗ್ಗಿದಳು. ಬೇಡ ಅಂದರು. ನೆಲದ ಮೇಲೆ ಕೂತು ಚೀರಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪನ ಮುಖ ಕೆಂಪಾಯಿತು. "ಸುಮ್ನೆ ಇದ್ರೆ ಕೊಡಿಸ್ತೀನಿ, ಏಳು" ಅಂದರು. ಹುಡುಗಿ ತಕ್ಷಣ ಎದ್ದು ಕಣ್ಣೊರೆಸಿಕೊಂಡು ಒಂದನ್ನು ಆರಿಸಿಕೊಂಡಳು.

ಆ ಒಂದು ನಿಮಿಷದಲ್ಲಿ ಇಬ್ಬರೂ ಪಾಠ ಕಲಿತರು. ಚೀರಿದರೆ ಸಿಗುತ್ತದೆ ಅಂತ ಮಗು ಕಲಿಯಿತು. ಕೊಟ್ಟರೆ ಸದ್ದು ನಿಲ್ಲುತ್ತದೆ ಅಂತ ಅಪ್ಪ ಕಲಿತರು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ಹಟಮಾರಿ ಮಕ್ಕಳ ಮನೆಗಳನ್ನು ವರ್ಷಗಟ್ಟಲೆ ಗಮನಿಸಿ ಈ ಸುಳಿಯನ್ನೇ ವಿವರಿಸಿದರು. ದೊಡ್ಡವರು ಮಗುವನ್ನು ಬದಲಾಯಿಸುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಅದೇ ಹೊತ್ತಿಗೆ ಮಗು ದೊಡ್ಡವರನ್ನು ಬದಲಾಯಿಸುತ್ತಿರುತ್ತದೆ.

ಈಗ ಅದೇ ಅಪ್ಪ ಮನೆಯಿಂದ ಹೊರಡುವ ಮೊದಲೇ, "ಅಂಗಡೀಲಿ ನನ್ನ ಕೈ ಹಿಡ್ಕೊಂಡು ಇರಬೇಕು, ಸಾಮಾನು ಚೀಲಕ್ಕೆ ಹಾಕೋಕೆ ಸಹಾಯ ಮಾಡಬೇಕು, ಆಮೇಲೆ ನಿನಗೆ ಇಷ್ಟವಾದ ಒಂದು ತಗೋಬಹುದು" ಅಂದಿದ್ದರೆ? ಕೊಟ್ಟಿದ್ದು ಅದೇ ಕಿಂಡರ್ ಜಾಯ್. ಆದರೆ ಷರತ್ತು ಅಪ್ಪನದು, ಹೇಳಿದ್ದು ಸಮಾಧಾನ ಇದ್ದಾಗ, ಸಿಕ್ಕಿದ್ದು ಕೆಲಸ ಮಾಡಿದ ಮೇಲೆ. ಯಾವ ನಡತೆ ಬೇಕು ಅನ್ನೋದೂ ಮಗುವಿಗೆ ಗೊತ್ತಿರುತ್ತದೆ. ಇನ್ನೊಂದರಲ್ಲಿ ಬೇಡದ ನಡತೆ ಶುರುವಾದ ಮೇಲೆ ಅದನ್ನು ನಿಲ್ಲಿಸೋದಕ್ಕೆ ಬೆಲೆ ಕೊಡುತ್ತೇವೆ. ಆ ಬೆಲೆ ಎಷ್ಟು ಅಂತ ತೀರ್ಮಾನಿಸೋದು ಮಗು.

ಹಾಸನದ ಅಪ್ಪ

ಚೆನ್ನಾಗಿ ಹೇಳಿದಿರಿ. ಆದರೂ ಎರಡರಲ್ಲೂ ಕೊನೆಗೆ ಚಾಕಲೇಟ್‌ಗಾಗಿ ಒಳ್ಳೆಯವನಾಗಿರೋದನ್ನೇ ಕಲಿಸಿದ ಹಾಗಾಯಿತು, ಅಲ್ವಾ?

ಮುಧೋಳ ನಾಯಿ ಸಾಕಿದವನು

ನಾನು ಮಕ್ಕಳ ವಿಷಯಕ್ಕೆ ಬರುವುದಿಲ್ಲ, ನಾಯಿಯ ಬಗ್ಗೆ ಹೇಳುತ್ತೇನೆ. ಯಾಕೆಂದರೆ ಈ ವ್ಯತ್ಯಾಸ ನಾಯಿಯಲ್ಲಿ ಕಣ್ಣಿಗೆ ಕಾಣುತ್ತದೆ.

ಮುಧೋಳ ಬೇಟೆ ನಾಯಿ. ಮೊಲ ಕಂಡರೆ ಓಡಿಯೇ ಓಡುತ್ತದೆ, ಕರೆದರೆ ಕಿವಿಗೆ ಬೀಳುವುದಿಲ್ಲ. ಶುರುವಿನಲ್ಲಿ ಎಲ್ಲರೂ ಬಿಸ್ಕೆಟ್ ಪ್ಯಾಕೆಟ್ ಎತ್ತಿ ಹಿಡಿದು, ಪರಪರ ಸದ್ದು ಮಾಡಿ ಕರೆಯುತ್ತಾರೆ. ಬರುತ್ತದೆ. ಕೆಲವೇ ದಿನಗಳಲ್ಲಿ ಅದು ಮೊದಲು ನಿಮ್ಮ ಕೈ ನೋಡುತ್ತದೆ. ಬಿಸ್ಕೆಟ್ ಇದ್ದರೆ ಬರುತ್ತದೆ, ಇಲ್ಲದಿದ್ದರೆ ಅಲ್ಲೇ ನಿಂತು ಲೆಕ್ಕ ಹಾಕುತ್ತದೆ: ಬಿಸ್ಕೆಟ್ ದೊಡ್ಡದೋ, ಮೊಲ ದೊಡ್ಡದೋ.

ಸರಿಯಾದ ಕ್ರಮ ಹೀಗೆ. ಮನೆಯೊಳಗೆ, ಸೆಳೆಯುವುದು ಬೇರೇನೂ ಇಲ್ಲದ ಕಡೆ, ಖಾಲಿ ಕೈಯಲ್ಲಿ ಹೆಸರು ಹಿಡಿದು ಕರೆಯಿರಿ. ತಿಂಡಿ ಜೇಬಿನಲ್ಲಿರಲಿ, ಕಾಣಬಾರದು. ನಿಮ್ಮ ಕಡೆ ತಿರುಗಿದ ಕ್ಷಣವೇ 'ಶಹಬ್ಬಾಸ್' ಅನ್ನಿ. ಹತ್ತಿರ ಬಂದ ಮೇಲೆ ಕೊಡಿ. ಆಮೇಲೆ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಹೊಲದಲ್ಲಿ. ಕೆಲವು ಸಲ ಬೇಯಿಸಿದ ಕೋಳಿ, ಕೆಲವು ಸಲ ಬರೀ ಮೈದಡವೋದು, ಕೆಲವು ಸಲ ಮತ್ತೆ ಓಡೋಕೆ ಬಿಡೋದು. ಏನು ಸಿಗುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ, ಆದರೆ ಬಂದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ಇರುತ್ತದೆ. ಹಾಗೆ ಕಲಿತ ನಾಯಿ ಕೈ ನೋಡುವುದಿಲ್ಲ, ಮುಖ ನೋಡುತ್ತದೆ.

ಕೂರೋದು, ಮಲಗೋದು ಕಲಿಸುವಾಗ ಮೊದಮೊದಲು ತಿಂಡಿ ತೋರಿಸಿಯೇ ದಾರಿ ಹಿಡಿಸುತ್ತಾರೆ. ಅದು ತಪ್ಪಲ್ಲ. ಆದರೆ ನಾಲ್ಕಾರು ಸಲ ಆದ ಮೇಲೆ ತಿಂಡಿ ಕೈಯಿಂದ ಮಾಯವಾಗಬೇಕು. ಆಗದಿದ್ದರೆ ಅದು ಲಂಚವಾಗಿ ಉಳಿಯುತ್ತದೆ.

ಮೈಸೂರಿನ ಅಮ್ಮ

ಅತ್ತೆಯವರು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ಮೊಬೈಲ್ ಕೊಡೋದು ಸರಿ ಅಂತ ನಾನೂ ಹೇಳಲ್ಲ. ಆದ್ರೆ ಮಗು ಹಸ್ಕೊಂಡು ಮಲಗಿದ್ರೆ ನನ್ನ ಕರುಳು ಕೇಳಲ್ಲ. ನನ್ನ ಮಕ್ಕಳಿಗೆ ಊಟ ಮುಗಿಸಿದ್ರೆ ಕಥೆ ಹೇಳ್ತೀನಿ ಅಂತಿದ್ದೆ. ಅದೂ ಲಂಚಾನಾ? ಇನ್ನೊಂದು, ಈ ಸ್ಟಿಕ್ಕರ್ ಯಾವಾಗ ನಿಲ್ಲುತ್ತೆ? ಮದುವೆ ಆಗೋವರೆಗೂ ಅಂಟಿಸ್ತಾ ಇರೋದಾ? ಅದನ್ನ ಯಾರೂ ಹೇಳಲಿಲ್ಲ."

ಮನೋವಿಜ್ಞಾನ ವಿದ್ಯಾರ್ಥಿನಿ, ಧಾರವಾಡ

ಅಜ್ಜಿಗೆ ನಮಸ್ಕಾರ. ಈ ಚರ್ಚೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಕೇಳಿದ್ದೀರಿ.

ಊಟ ಆದ ಮೇಲೆ ಕಥೆ ಅನ್ನೋದು ಲಂಚ ಅಲ್ಲ. ಬೇಕಾದ ಕೆಲಸ ಮೊದಲು, ಇಷ್ಟದ ಕೆಲಸ ಆಮೇಲೆ. ಡೇವಿಡ್ ಪ್ರೆಮ್ಯಾಕ್ ಎಂಬ ಮನೋವಿಜ್ಞಾನಿ 1959ರಲ್ಲಿ ಇದನ್ನು ಒಂದು ತತ್ವವಾಗಿ ಬರೆದರು. ಆಮೇಲೆ ಇದಕ್ಕೆ 'ಅಜ್ಜಿಯ ನಿಯಮ' ಎಂಬ ಹೆಸರೇ ಬಂತು. ಮೊಬೈಲ್‌ನಲ್ಲಿ ಈ ಕ್ರಮ ತಿರುಗುಮುರುಗು ಆಗಿದೆ. ಹಟ ಮೊದಲು, ಮೊಬೈಲ್ ಆಮೇಲೆ, ತುತ್ತು ಕೊನೆಗೆ. ಇಲ್ಲಿ ಮೊಬೈಲ್ ಸಿಕ್ಕಿದ್ದು ಹಟಕ್ಕೆ.

ಊಟದ ಬಗ್ಗೆ ಇನ್ನೊಂದು ಮಾತು. 'ಇದನ್ನು ತಿಂದರೆ ಅದು ಕೊಡ್ತೀನಿ' ಅಂತ ದಿನಾ ಹೇಳಿದರೆ ತಿನ್ನಬೇಕಾದ್ದರ ಮೇಲಿನ ಇಷ್ಟ ಕಡಿಮೆಯಾಗಬಹುದು ಅಂತ ಲೀಆನ್ ಬರ್ಚ್ ಎಂಬ ಸಂಶೋಧಕಿ 1980ರ ದಶಕದಲ್ಲೇ ತೋರಿಸಿದ್ದರು. ಆದರೆ 2011ರಲ್ಲಿ ಬ್ರಿಟನ್‌ನಲ್ಲಿ 4ರಿಂದ 6 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಬೇರೆಯೇ ಫಲ ಬಂತು. ಇಷ್ಟವಿಲ್ಲದ ಒಂದು ತರಕಾರಿಯ ಸಣ್ಣ ಚೂರು ರುಚಿ ನೋಡಿದರೆ ಒಂದು ಸ್ಟಿಕ್ಕರ್. 12 ದಿನ ಹೀಗೆ ಮಾಡಿದರು. ಮೂರು ತಿಂಗಳ ಮೇಲೂ ಆ ಮಕ್ಕಳು ಮುಂಚಿಗಿಂತ ಜಾಸ್ತಿ ತಿನ್ನುತ್ತಿದ್ದರು. ತಟ್ಟೆ ಖಾಲಿ ಮಾಡು ಅಂತ ಯಾರೂ ಒತ್ತಾಯಿಸಲಿಲ್ಲ, ಕೇಳಿದ್ದು ಒಂದು ಚೂರು ಮಾತ್ರ. ಇಷ್ಟವಿಲ್ಲದ್ದಕ್ಕೆ ಒಂದು ಸಣ್ಣ ತಳ್ಳು ಕೊಟ್ಟರೆ ಸಾಕು, ಉಳಿದದ್ದನ್ನು ನಾಲಿಗೆ ಕಲಿಯುತ್ತದೆ.

ಸ್ಟಿಕ್ಕರ್ ನಿಲ್ಲಿಸೋದು ಹೇಗೆ ಅಂದಿರಿ. ಒಮ್ಮೆಗೇ ನಿಲ್ಲಿಸಬೇಡಿ. ಈಗ ದಿನಾ ಇದೆ. ಅವನು ಹೇಳಿಸಿಕೊಳ್ಳದೆ ಎತ್ತಿಡುವ ದಿನಗಳು ಜಾಸ್ತಿಯಾದಾಗ, ಎರಡು ದಿನಕ್ಕೊಂದು ಮಾಡಿ. ಆಮೇಲೆ ವಾರದ ಕೊನೆಗೆ ಒಂದು. ಸ್ಟಿಕ್ಕರ್ ಜೊತೆಗೆ ಮೊದಲ ದಿನದಿಂದಲೂ ಮಾತು ಇರಲಿ. 'ಗುಡ್ ಬಾಯ್' ಅನ್ನೋದಕ್ಕಿಂತ 'ಕಾರುಗಳನ್ನೆಲ್ಲ ನೀನೇ ಎತ್ತಿಟ್ಟೆ, ಅಜ್ಜಿ ಕಾಲಿಗೆ ಇವತ್ತು ಏನೂ ಚುಚ್ಚಲಿಲ್ಲ' ಅನ್ನಿ. ಮಾಡಿದ್ದು ಏನು, ಅದರಿಂದ ಯಾರಿಗೆ ಒಳ್ಳೆಯದಾಯಿತು ಅಂತ ಅವನಿಗೆ ಕಾಣಬೇಕು. ಸ್ಟಿಕ್ಕರ್ ಹೋದ ಮೇಲೂ ಉಳಿಯೋದು ಈ ಮಾತು.

ಮೊಬೈಲ್ ನಿಲ್ಲಿಸುವಾಗ ಒಂದು ಎಚ್ಚರ. ನಿಲ್ಲಿಸಿದ ಮೊದಲ ದಿನಗಳಲ್ಲಿ ಹಟ ಜೋರಾಗುತ್ತದೆ. ಆಗಲೇ ಬಹಳ ಮಂದಿ 'ಇದು ಆಗೋದಲ್ಲ' ಅಂತ ಕೈಬಿಟ್ಟು ಕೊಟ್ಟುಬಿಡುತ್ತಾರೆ. ಅಲ್ಲಿಗೆ ಮಗು ಇನ್ನೂ ಜೋರಾಗಿ ಅಳೋದನ್ನು ಕಲಿಯುತ್ತದೆ. ಒಮ್ಮೆ ಕೊಟ್ಟು ಒಮ್ಮೆ ಬಿಟ್ಟರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ ಅಂತ ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನೋವಿಜ್ಞಾನಿಗಳು 1957ರಲ್ಲೇ ಪಾರಿವಾಳಗಳ ಪ್ರಯೋಗಗಳಿಂದ ತೋರಿಸಿದ್ದಾರೆ. ಹಾಗಾಗಿ ಮನೆಯವರೆಲ್ಲ ಒಂದೇ ಮಾತಿಗೆ ಬಂದ ಮೇಲೆ ಶುರು ಮಾಡಿ.

ಹಾಸನದ ಸರ್, ನಿಮ್ಮ ಕಾಳಜಿಗೂ ಆಧಾರ ಇದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ, ತಾವಾಗಿಯೇ ಬಣ್ಣದ ಪೆನ್ನು ಹಿಡಿದು ಚಿತ್ರ ಬರೆಯುವ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ಬಂಗಾರದ ಬಣ್ಣದ ಮುದ್ರೆ, ಕೆಂಪು ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಪೆನ್ನು ಇಟ್ಟು ದೂರದಿಂದ ನೋಡಿದರು. ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಪಡೆದ ಮಕ್ಕಳ ಆಸಕ್ತಿ ಕುಗ್ಗಲಿಲ್ಲ.

ಇಲ್ಲಿ ಮುಖ್ಯವಾದದ್ದು, ಆ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟ ಇತ್ತು. ಇಷ್ಟ ಇರುವ ಕಡೆ ಬಹುಮಾನ ನುಗ್ಗಿಸಬಾರದು. ಓದೋದು, ಹಾಡೋದು, ಗಿಡಕ್ಕೆ ನೀರು ಹಾಕೋದು, ಮಗು ತಾನಾಗಿ ಮಾಡುತ್ತಿದ್ದರೆ ಸುಮ್ನೆ ಬಿಡಿ. ಆಟದ ಸಾಮಾನು ಎತ್ತಿಡೋದರಲ್ಲಿ ಯಾವ ಐದು ವರ್ಷದವನಿಗೂ ಖುಷಿ ಇರುವುದಿಲ್ಲ. ಅಲ್ಲಿ ಸ್ಟಿಕ್ಕರ್ ಯಾವ ಇಷ್ಟವನ್ನೂ ಕೆಡಿಸುವುದಿಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು ಜಿಲ್ಲೆ

ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ನಮ್ಮ ಕಡೆಗೂ ಬಂತು. ಆಗ ಊರಿನ ಕೆಲವರು 'ಊಟದ ಆಸೆ ತೋರಿಸಿ ಮಕ್ಕಳನ್ನ ಶಾಲೆಗೆ ಎಳೀತಿದ್ದಾರೆ' ಅಂದರು. ಎಂಟನೇ ತರಗತಿಗೆ ಸೈಕಲ್ ಬಂದಾಗಲೂ ಅದೇ ಮಾತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದಾಗಲೂ ಅದೇ ಮಾತು.

ನನಗೆ ಆ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತಿತ್ತು. ಹಸಿದ ಮಗುವಿಗೆ ಮಧ್ಯಾಹ್ನದ ಮಗ್ಗಿ ತಲೆಗೆ ಹೋಗುವುದಿಲ್ಲ. ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ದೂರ ಇದ್ದರೆ ಹೆಣ್ಣುಮಗುವನ್ನು ಕಳಿಸೋಕೆ ಮನೆಯವರು ಹಿಂಜರಿಯುತ್ತಾರೆ. ಊಟ, ಸೈಕಲ್ ಇದ್ದ ಅಡ್ಡಿಯನ್ನು ತೆಗೆದವು. ಅದನ್ನು ಬಹುಮಾನ ಅಂತಲೂ ಕರೆಯಬೇಡಿ. ಅದು ಆ ಮಕ್ಕಳ ಹಕ್ಕು. ಮನೆಯಲ್ಲೂ ಇದನ್ನು ನೆನಪಿಡಿ. ಊಟ, ನಿದ್ದೆ, ಅಪ್ಪ ಅಮ್ಮನ ಪ್ರೀತಿ, ಅಜ್ಜಿಯ ಮಡಿಲು, ಇವನ್ನು ಯಾವತ್ತೂ ಷರತ್ತಿಗೆ ಇಡಬಾರದು.

ಆರೋಗ್ಯ ಇಲಾಖೆಯಲ್ಲಿದ್ದವಳು

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಪೂರ್ತಿ ಆಗುತ್ತಿರಲಿಲ್ಲ. ಸೇವಾ ಮಂದಿರ ಎಂಬ ಸಂಸ್ಥೆ ಕೆಲವು ಹಳ್ಳಿಗಳಲ್ಲಿ ತಪ್ಪದೆ ಶಿಬಿರ ನಡೆಸಿತು. ಇನ್ನು ಕೆಲವು ಕಡೆ ಶಿಬಿರದ ಜೊತೆಗೆ, ಪ್ರತಿ ಸಲ ಲಸಿಕೆಗೆ ಬಂದಾಗ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದಾಗ ಸ್ಟೀಲ್ ತಟ್ಟೆಗಳ ಸೆಟ್ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಇದರ ಫಲವನ್ನು 2010ರಲ್ಲಿ ಪ್ರಕಟಿಸಿದರು. ಏನೂ ಮಾಡದ ಹಳ್ಳಿಗಳಲ್ಲಿ ಲಸಿಕೆ ಪೂರ್ತಿಯಾದ ಮಕ್ಕಳು ಶೇ. 6. ಬರೀ ಶಿಬಿರ ಇದ್ದ ಕಡೆ ಶೇ. 18. ಬೇಳೆಯೂ ಇದ್ದ ಕಡೆ ಶೇ. 39.

ಬೇಳೆ ಕೊಟ್ಟಿದ್ದನ್ನು ಲಂಚ ಅಂದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲರ ಮುಂದೆ ಹೇಳಿ ಕೊಟ್ಟರು, ಎಲ್ಲರಿಗೂ ಒಂದೇ ಅಳತೆ, ಲಾಭ ಆ ಮಗುವಿಗೇ. ಕದ್ದುಮುಚ್ಚಿ ಮಾಡುವ ಕೆಲಸ ಅದರಲ್ಲಿ ಒಂದೂ ಇಲ್ಲ. ಅಮ್ಮಂದಿರಿಗೆ ಲಸಿಕೆಯ ಬಗ್ಗೆ ವಿರೋಧ ಇರಲಿಲ್ಲ. ಇವತ್ತಿನ ಕೂಲಿ ಬಿಟ್ಟು ಹೋಗಬೇಕಲ್ಲ, ನಾಳೆ ಹೋದರಾಯಿತು ಅಂತ ಮುಂದಕ್ಕೆ ಹಾಕುತ್ತಿದ್ದರು. ಬೇಳೆ ಆ 'ನಾಳೆ'ಯನ್ನು 'ಇವತ್ತು' ಮಾಡಿತು.

ಎಲೆಕ್ಟ್ರಾನಿಕ್ ಸಿಟಿ ಪ್ರಯಾಣಿಕ

ದೊಡ್ಡವರಿಗೂ ಇದು ಕೆಲಸ ಮಾಡುತ್ತದೆ. 2008-09ರಲ್ಲಿ ಇನ್ಫೋಸಿಸ್‌ನವರು ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಬಾಲಾಜಿ ಪ್ರಭಾಕರ್ ಜೊತೆ ಸೇರಿ ಒಂದು ಪ್ರಯೋಗ ಮಾಡಿದ್ದರು. ಟ್ರಾಫಿಕ್ ಜೋರಾಗುವ ಮೊದಲೇ ಆಫೀಸಿಗೆ ಬಂದವರಿಗೆ ಅಂಕ, ವಾರಕ್ಕೊಮ್ಮೆ ಲಾಟರಿ ಎತ್ತಿ ದುಡ್ಡು. ಬೇಗ ಬರುವವರು ದುಪ್ಪಟ್ಟಾದರು. ತಡವಾಗಿ ಬಂದವರಿಗೆ ಯಾವ ಶಿಕ್ಷೆಯೂ ಇರಲಿಲ್ಲ.

ಆಟಿಸಂ ಇರುವ ಮಗಳ ತಾಯಿ

ಎಲ್ಲರೂ 'ಮಗುವಿಗೆ ಬರುತ್ತದೆ, ಬೇಕಂತಲೇ ಮಾಡುತ್ತಿಲ್ಲ' ಎಂದುಕೊಂಡು ಬರೆಯುತ್ತಿದ್ದೀರಿ. ಎಷ್ಟೋ ಸಲ ಮಗುವಿಗೆ ಅದು ಬರುವುದೇ ಇಲ್ಲ. ನನ್ನ ಮಗಳಿಗೆ ಶೂ ಲೇಸ್ ಕಟ್ಟಲು ಬರುತ್ತಿರಲಿಲ್ಲ. ಎಂಥ ಬಹುಮಾನ ತೋರಿಸಿದರೂ ಅವಳಿಗೆ ಸಿಕ್ಕಿದ್ದು ನಿರಾಸೆ ಮಾತ್ರ. ಥೆರಪಿಸ್ಟ್ ಆ ಕೆಲಸವನ್ನು ತುಂಡು ಮಾಡಿದರು. ಮೊದಲ ಹಂತಗಳನ್ನೆಲ್ಲ ಅವರೇ ಮಾಡಿ, ಕೊನೆಯ ಎಳೆತ ಮಾತ್ರ ಅವಳಿಗೆ ಬಿಟ್ಟರು. ಎಳೆದಳು, ಗಂಟು ಬಿತ್ತು, ನಕ್ಕಳು. ಆಮೇಲೆ ಕೊನೆಯ ಎರಡು ಹಂತ. ಹಿಂದಿನಿಂದ ಮುಂದಕ್ಕೆ ಹೀಗೆ ಕಲಿತಳು. ಕೊನೆಗೆ ಅವಳಿಗೆ ಬೇಕಾಗಿದ್ದು ಸ್ಟಿಕ್ಕರ್ ಅಲ್ಲ, ಆ ಗಂಟು.

ಆಮೇಲೆ ಸದ್ದು, ಬೆಳಕು ತಾಳಲಾರದೆ ಕುಸಿದು ಅಳುವ ಮಗುವನ್ನು ಅಂಗಡಿಯಲ್ಲಿ ಹಟ ಮಾಡುವ ಮಗುವಿನ ಜೊತೆ ಸೇರಿಸಬೇಡಿ. ಅಂಥ ಹೊತ್ತಿನಲ್ಲಿ ಅಲ್ಲಿಂದ ಹೊರಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡೋದು ಲಂಚವೂ ಅಲ್ಲ, ಸೋಲೂ ಅಲ್ಲ. ಒಮ್ಮೆ ಕೊಟ್ಟ ಸ್ಟಿಕ್ಕರನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳೋದನ್ನೂ ದಯವಿಟ್ಟು ಮಾಡಬೇಡಿ. ಸೋಮವಾರ ಮಾಡಿದ ಒಳ್ಳೆಯ ಕೆಲಸ ಬುಧವಾರದ ತಪ್ಪಿನಿಂದ ಅಳಿಸಿಹೋಗುವುದಿಲ್ಲ.

ಮೈಸೂರಿನ ಅಮ್ಮ

ಎಲ್ಲರಿಗೂ ಧನ್ಯವಾದ. ನಾವಿಬ್ಬರೂ ಕೂತು ಮಾತಾಡಿಕೊಂಡೆವು. ಸ್ಟಿಕ್ಕರ್ ಸದ್ಯಕ್ಕೆ ಇರುತ್ತದೆ, ಮುಂದಿನ ತಿಂಗಳಿಂದ ಎರಡು ದಿನಕ್ಕೊಂದು. ಊಟದ ಹೊತ್ತಿಗೆ ಮೊಬೈಲ್ ಕಪಾಟಿನಲ್ಲಿ. ಕಥೆ ಊಟ ಆದ ಮೇಲೆ, ಹೇಳೋದು ಅತ್ತೆಯವರು. ಅವರದೇ ಒಂದು ಷರತ್ತು: ಎಷ್ಟು ತಿನ್ನಬೇಕು ಅಂತ ಯಾರೂ ಒತ್ತಾಯ ಮಾಡಬಾರದು, ಹೊಟ್ಟೆ ತುಂಬಿತು ಅಂದರೆ ತುಂಬಿತು.

ಎಸ್ಸೆಸ್ಸೆಲ್ಸಿ ಹುಡುಗನ ತಂದೆ

ಇಲ್ಲೇ ನನ್ನದೂ ಒಂದು ಪ್ರಶ್ನೆ. ಮಗ ಈ ವರ್ಷ ಹತ್ತನೇ ಕ್ಲಾಸ್. ಶೇ. 90 ತೆಗೆದರೆ ಬೈಕ್ ಕೊಡಿಸಿ ಅಂತ ಕೇಳುತ್ತಿದ್ದಾನೆ. ಅವನ ಗೆಳೆಯರ ಮನೆಯಲ್ಲೆಲ್ಲ ಒಪ್ಪಿಕೊಂಡಿದ್ದಾರಂತೆ. ಮೇಲಿನ ಲೆಕ್ಕದ ಪ್ರಕಾರ ಮೊದಲೇ ಹೇಳಿದ್ದರಿಂದ ಇದು ಬಹುಮಾನ ಆಗುತ್ತದಾ?

ಮನೋವಿಜ್ಞಾನ ವಿದ್ಯಾರ್ಥಿನಿ, ಧಾರವಾಡ

ಮೊದಲು ಕಾನೂನಿನ ಮಾತು ಸರ್. ಗೇರ್ ಇರುವ ಬೈಕ್ ಓಡಿಸೋಕೆ 18 ತುಂಬಿರಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ವಯಸ್ಸಾಗದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ತಂದೆ ತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹಾಗಾಗಿ ಬೈಕ್ ಬೇಡವೇ ಬೇಡ.

ಇನ್ನು ಷರತ್ತು. ಅದನ್ನು ಹಾಕಿದ್ದು ಯಾರು ನೋಡಿ, ಅವನು. ಅದಕ್ಕಿಂತ ದೊಡ್ಡ ತೊಡಕು ಶೇ. 90 ಅನ್ನೋದು. ಅಮೆರಿಕದ ರೋಲಂಡ್ ಫ್ರೈಯರ್ ಎಂಬ ಅರ್ಥಶಾಸ್ತ್ರಜ್ಞ ಹಲವು ನಗರಗಳ ಶಾಲೆಗಳಲ್ಲಿ ಮಕ್ಕಳಿಗೆ ದುಡ್ಡು ಕೊಟ್ಟು ನೋಡಿ 2011ರಲ್ಲಿ ಫಲಿತಾಂಶ ಬರೆದರು. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಯ ಅಂಕಕ್ಕೆ ದುಡ್ಡು ಕೊಟ್ಟರು, ಅಂಕ ಏರಲಿಲ್ಲ. ಡಲ್ಲಾಸ್‌ನಲ್ಲಿ ಎರಡನೇ ತರಗತಿ ಮಕ್ಕಳಿಗೆ ಒಂದು ಪುಸ್ತಕ ಓದಿ, ಅದರ ಸಣ್ಣ ಕ್ವಿಜ್ ಪಾಸಾದರೆ 2 ಡಾಲರ್ ಕೊಟ್ಟರು. ಅಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಹೆಚ್ಚಿತು. ಅಂಕಕ್ಕೆ ದುಡ್ಡು ಅಂದಾಗ ಮಕ್ಕಳಿಗೆ ಉತ್ಸಾಹ ಇತ್ತು, ಆದರೆ ಅಂಕ ಏರಿಸೋಕೆ ಇವತ್ತು ಸಂಜೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಪುಸ್ತಕ ಓದು ಅಂದಾಗ ಗೊತ್ತಿತ್ತು.

ಅವನ ಜೊತೆ ಕೂತು ಯಾವ ವಿಷಯ ಕಷ್ಟ ಅಂತ ಕೇಳಿ. ಗಣಿತ ಅಂದರೆ, ದಿನಾ ಸಂಜೆ ಹಳೆಯ ಪ್ರಶ್ನೆಪತ್ರಿಕೆಯಿಂದ ಐದು ಲೆಕ್ಕ, ತಪ್ಪಾದದ್ದನ್ನು ಮರುದಿನ ಟೀಚರ್ ಹತ್ತಿರ ಕೇಳಿಕೊಂಡು ಬರೋದು. ವಾರ ಪೂರ್ತಿ ಮಾಡಿದರೆ ಭಾನುವಾರ ಕ್ರಿಕೆಟ್‌ಗೆ ಇಡೀ ಬೆಳಗ್ಗೆ ಅವನದು, ನೀವು ಪುಸ್ತಕದ ಮಾತೇ ಎತ್ತಬಾರದು. ಫಲಿತಾಂಶ ಬಂದ ದಿನ ಅಂಕ ಎಷ್ಟೇ ಇರಲಿ, ಎಲ್ಲರೂ ಒಟ್ಟಿಗೆ ಹೊರಗೆ ಊಟಕ್ಕೆ ಹೋಗಿ. ಅದನ್ನು ಅವನಿಗೆ ಈಗಲೇ ಹೇಳಬೇಡಿ.